ಒಂದೇ ಪಾಚಿ, ಬೇರೆ ಬೇರೆ ವಸಡು



ಹಲ್ಲುಜ್ಜಿ ಉಗಿದ ನೀರಿನಲ್ಲಿ ಎಳೆಯಷ್ಟು ಕೆಂಪು ಕಂಡರೆ, ಬ್ರಷ್ಷು ಒರಟಾಯಿತೇನೋ ಎಂದುಕೊಂಡು ಸುಮ್ಮನಾಗುತ್ತೇವೆ. ಬಹಳ ಸಲ ಅದು ವಸಡಿನ ಕಾಯಿಲೆಯ ಮೊದಲ ಸುಳಿವು. ಕೆಲವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಹಲ್ಲನ್ನು ಹಿಡಿದ ಮೂಳೆಯನ್ನೇ ಕರಗಿಸುತ್ತದೆ. ಯಾಕೆ ಹೀಗೆ?

1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಲೀವೆನ್‌ಹುಕ್ ತನ್ನ ಬಾಯನ್ನೇ ಪರೀಕ್ಷೆಗಿಟ್ಟ. ದಿನಾ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುವವನು ಆತ. ಆದರೂ ಹಲ್ಲಿನ ಸಂದಿಯಲ್ಲಿ ಕಲಸಿದ ಹಿಟ್ಟಿನಂಥ ಬಿಳಿ ಪದಾರ್ಥ, ಅಂದರೆ ಪಾಚಿ, ಕೂತಿತ್ತು. ಅದನ್ನು ಮಳೆನೀರಿನಲ್ಲಿ ಕದಡಿ ತಾನೇ ಮಾಡಿದ ಮಸೂರದಡಿ ನೋಡಿದರೆ, ಪುಟ್ಟ ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು! ಎಂದೂ ಹಲ್ಲುಜ್ಜದ ಮುದುಕನೊಬ್ಬನ ಬಾಯಲ್ಲಂತೂ ಅವು ಕಿಕ್ಕಿರಿದಿದ್ದವು.

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ದಂತವೈದ್ಯ ಜಾನ್ ರಿಗ್ಸ್, ಹಲ್ಲಿಗಂಟಿ ಕಲ್ಲುಗಟ್ಟಿದ ಕೊಳೆಯನ್ನು ಕೆರೆದು ತೆಗೆದರೆ ವಸಡು ಸುಧಾರಿಸುತ್ತದೆ ಎಂದು ಸಾರಿದ. ಕಾಯಿಲೆಗೆ ಅವನ ಹೆಸರೇ ಬಿತ್ತು. ಕೊಳೆಯೇ ಕಾರಣವೆಂಬುದಕ್ಕೆ ಖಚಿತ ಪುರಾವೆ ಸಿಕ್ಕಿದ್ದು 1965ರಲ್ಲಿ. ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ಬಿಡಿಸಿದರು. 10ರಿಂದ 21 ದಿನಗಳೊಳಗೆ ಪಾಚಿ ಕಟ್ಟಿ ಎಲ್ಲರ ವಸಡೂ ಕೆಂಪೇರಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು.

ಹಾಗಾದರೆ ಪಾಚಿ ಕಟ್ಟಿದವರೆಲ್ಲರ ಹಲ್ಲೂ ಉದುರಬೇಕಲ್ಲವೇ?

ಲೋ ಅವರ ತಂಡವೇ 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳಿಗೆ ಹೋಯಿತು. 480 ಕೂಲಿಗಂಡಸರು, ಬ್ರಷ್ಷಿನ ರೂಢಿಯಿಲ್ಲ, ಹಲ್ಲಿನ ಡಾಕ್ಟರರ ಮುಖ ಕಂಡವರಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ, ಕಲ್ಲು. ಹದಿನೈದು ವರ್ಷ ನೋಡಿದಾಗ ಶೇ. 8ರಷ್ಟು ಮಂದಿಯಲ್ಲಿ ಕಾಯಿಲೆ ನಾಗಾಲೋಟದಲ್ಲಿ ಹೋಗಿತ್ತು. ಅಂಥವರು 45ರ ಹೊತ್ತಿಗೆ ಬೊಚ್ಚುಬಾಯಿ. ಶೇ. 81ರಷ್ಟು ಜನರಲ್ಲಿ ಅದು ಮಧ್ಯಮ ವೇಗದಲ್ಲಿ ಸಾಗಿತ್ತು. ಉಳಿದ ಶೇ. 11ರಷ್ಟು ಮಂದಿಗೆ ವಸಡಿನ ಉರಿಯೂತ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಕಿಗಳು ಇವೇ. ಹಲ್ಲು ಹೋದವರನ್ನೆಲ್ಲ ಸೋಮಾರಿಗಳೆಂದು ಜರೆಯುವುದು ಅನ್ಯಾಯ. ಕೊಳೆ ಎಲ್ಲರಿಗೂ ಸಮನಾಗಿದ್ದರೂ ಅದನ್ನು ಎದುರಿಸುವ ಮೈ ಸಮನಲ್ಲ.

ಅವಳಿಗಳನ್ನು ಹೋಲಿಸಿದ ಅಧ್ಯಯನಗಳು ವಂಶವಾಹಿಯ ಪಾಲೂ ದೊಡ್ಡದೆಂದು ತೋರಿಸಿದವು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ, ಗಾಯ ಮಾಯುವುದು ತಡವಾಗುತ್ತದೆ. 1993ರಲ್ಲಿ ಲೋ ವಸಡಿನ ಕಾಯಿಲೆಯನ್ನು ಮಧುಮೇಹದ ಆರನೇ ತೊಡಕೆಂದೇ ಕರೆದರು. ಬಸುರಿಯರ ವಸಡು ಹಾರ್ಮೋನಿನಿಂದ ಊದಿಕೊಳ್ಳುವುದುಂಟು. ನಮ್ಮೂರುಗಳಲ್ಲಿ ಕಡ್ಡಿಪುಡಿ, ಹೊಗೆಸೊಪ್ಪು ದವಡೆಗೆ ಒತ್ತಿಕೊಂಡವರನ್ನು ನೋಡಿ: ಒತ್ತಿಕೊಂಡ ಜಾಗದಲ್ಲೇ ವಸಡು ಕೆಳಗೆ ಜಾರಿ, ಹಲ್ಲಿನ ಬೇರು ಹಳದಿಯಾಗಿ ಇಣುಕುತ್ತಿರುತ್ತದೆ.

ಬೀಡಿ, ಸಿಗರೇಟಿನ ಮೋಸ ಬೇರೆ ಬಗೆಯದು. ಸೇದುವವರ ವಸಡು ರಕ್ತ ಸುರಿಸುವುದೇ ಕಡಿಮೆ. ಒಳಗೆ ಮೂಳೆ ಸವೆಯುತ್ತಿದ್ದರೂ ಹೊರಗೆ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಸೇದುವುದನ್ನು ಬಿಟ್ಟ ಕೆಲವೇ ವಾರಗಳಲ್ಲಿ ರಕ್ತ ಕಾಣಿಸಬಹುದು. ಬಿಟ್ಟಿದ್ದೇ ತಪ್ಪಾಯಿತೇ ಎಂದು ಗಾಬರಿಯಾಗಬೇಡಿ. ಅದು ಇಷ್ಟು ದಿನ ಹೊಗೆ ಮುಚ್ಚಿಟ್ಟಿದ್ದ ಕಾಯಿಲೆ. ಈಗ ಡಾಕ್ಟರರ ಕಣ್ಣಿಗೂ ಬೀಳುತ್ತದೆ.