ಕಸೂತಿ, ಕೌದಿ ಮತ್ತು ನಮ್ಮ ಕನ್ನಡ ಶಾಲೆ

(ಶತಮಾನೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಕನ್ನಡ ಶಾಲೆಯಲ್ಲಿ, ಅದೂ ಮಹಾರಾಷ್ಟ್ರದ ಈ ಗಡಿಯ ಊರಿನಲ್ಲಿ, ಮಾತನಾಡಲು ನಿಂತವರು ಸಾಮಾನ್ಯವಾಗಿ ಪುಸ್ತಕದ ಕನ್ನಡದ ಉಳಿವನ್ನು ಕುರಿತು ಮಾತನಾಡುತ್ತಾರೆ. ನಾನು ಪುಸ್ತಕದೊಳಗೆ ಇನ್ನೂ ಬಾರದ ಕನ್ನಡವೊಂದನ್ನು ಕುರಿತು ಹೇಳಬಯಸುತ್ತೇನೆ. ಅದು ಸೂಜಿ ಮತ್ತು ನೂಲಿನ ಕನ್ನಡ.

ನಮ್ಮ ಸೀಮೆಗೆ ನೂಲು ಹೊಸದಲ್ಲ. ಇಂದಿನ ಸೊಲ್ಲಾಪುರ ಅಂದು ಸಿದ್ಧರಾಮನ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಆ ಊರಿನಲ್ಲಿ ಅಮುಗೆ ದೇವಯ್ಯ ಮತ್ತು ರಾಯಮ್ಮ ದಂಪತಿಗಳು ನೇಯ್ಗೆಯನ್ನೇ ಕಾಯಕವಾಗಿಸಿಕೊಂಡಿದ್ದರು. ಇಬ್ಬರೂ ವಚನಕಾರರು, ರಾಯಮ್ಮನದೇ ನೂರಕ್ಕೂ ಮಿಗಿಲಾದ ವಚನಗಳು ದೊರೆತಿವೆ. ಮುಂದೆ 1877ರಲ್ಲಿ ಸೊಲ್ಲಾಪುರದ ಮೊದಲ ನೂಲಿನ ಗಿರಣಿ ಸ್ಥಾಪನೆಯಾಯಿತು. ತೆಲುಗು ನಾಡಿನಿಂದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಸುತ್ತಲಿನ ಹಳ್ಳಿಗಳಿಂದ ಜನ ಗಿರಣಿಯ ಭೋಂಗಾ ಕೇಳಿಕೊಂಡು ದುಡಿಯಲು ಹೋದರು. ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಸೊಲ್ಲಾಪುರದ ಚಾದರ ಉಳಿಯಿತು. ಭೌಗೋಳಿಕ ಸೂಚಕದ ಮನ್ನಣೆಯೂ ಅದಕ್ಕೆ ದೊರೆಯಿತು. ಗಿರಣಿಗೆ ಚರಿತ್ರೆ ಇದೆ, ಕಾಗದಪತ್ರ ಇದೆ. ಅದೇ ಗಿರಣಿ ಕಾರ್ಮಿಕನ ಮನೆಯಲ್ಲಿ ಅವನ ಹೆಂಡತಿ ಹೊಲಿದ ಕೌದಿಗೆ ಮಾತ್ರ ಯಾವ ದಾಖಲೆಯೂ ಇಲ್ಲ.

ಮೊದಲು ಕಸೂತಿಯ ಮಾತು. ಇದರ ತವರು ಧಾರವಾಡ, ವಿಜಯಪುರ, ಬಾಗಲಕೋಟೆಯ ನಾಡು. ನಮ್ಮಲ್ಲಿಗೆ ಅದು ಬಂದದ್ದು ಬೀಗತನದ ದಾರಿಯಿಂದ, ಇಳಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ತೋಳಿನ ಮೇಲೆ, ಕೂಸಿನ ಕುಂಚಿಗೆಯ ಮೇಲೆ. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಸೆರಗಿಗೆ ಟೋಪ ತೆನಿ ಎಂದು ಹೆಸರು. ಅಂಚುಗಳಿಗೆ ಗೋಮಿ, ಪರಾಸಪೇಟ, ಗಾಡಿ ದಡಿ ಎಂಬ ಹೆಸರುಗಳು. ನಾವು ಭಾಷಣಗಳಲ್ಲಿ ಹಾಸುಹೊಕ್ಕು ಎಂಬ ಪದವನ್ನು ಧಾರಾಳವಾಗಿ ಬಳಸುತ್ತೇವೆ. ಹಾಸು ಎಂದರೆ ಮಗ್ಗದ ಉದ್ದೆಳೆ, ಹೊಕ್ಕು ಎಂದರೆ ಅಡ್ಡೆಳೆ ಎಂಬುದನ್ನು ಬಲ್ಲ ಭಾಷಣಕಾರರು ಎಷ್ಟು ಮಂದಿಯೋ!

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಬ್ಬಿಸುತ್ತಾರೆ. ಹೊಲಿಗೆಗಳು ನಾಲ್ಕು. ಮೆಂತೆ ಎಂದರೆ ಅಡ್ಡಗೆರೆಗಳು ಒಂದನ್ನೊಂದು ಕತ್ತರಿಸುವ, ತುಂಬು ಕಾಣುವ ಹೊಲಿಗೆ. ನೇಗಿ ನೇಯ್ಗೆಯನ್ನೇ ಹೋಲುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಮುರಿದು ಸಾಗುತ್ತದೆ. ನಾಲ್ಕನೆಯದಾದ ಗವಂತಿಯ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಇಲ್ಲಿರುವ ಗಣಿತದ ಶಿಕ್ಷಕರು ದಯಮಾಡಿ ಗಮನಿಸಬೇಕು.

ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಇಡುತ್ತ ಸಾಗುತ್ತದೆ. ಬಟ್ಟೆಯ ಮೇಲೆ ಕಾಣುವುದು ಬಿಟ್ಟು ಬಿಟ್ಟು ಬಂದ ಗೆರೆ. ಮರಳಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುತ್ತದೆ. ದಾರಿಯಲ್ಲಿ ಕವಲೊಡೆದರೆ ಕವಲಿನ ತುದಿಗೆ ಹೋಗಿ, ಹಿಂದಿರುಗಿ, ಮತ್ತೆ ಮುಂದಿನ ದಾರಿ. ಕೊನೆಗೆ ಸೂಜಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಗಂಟಿಲ್ಲ, ಒಳಗು ಹೊರಗು ಎರಡೂ ಒಂದೇ ಆಗಿ ಕಾಣುತ್ತವೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಮ್ಮೊಮ್ಮೆ ಮಾತ್ರ ದಾಟಿ ನಗರವನ್ನು ಸುತ್ತಿಬರುವುದು ಅಸಾಧ್ಯವೆಂದು ತೋರಿಸಿದ. ಆದರೆ ಪ್ರತಿ ದಾರಿಯನ್ನೂ ಎರಡು ಸಲ ನಡೆಯಬಹುದಾದರೆ, ಕಡಿಯದೆ ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಪೂರೈಸಿ ಹೊರಟಲ್ಲಿಗೆ ಮರಳಬಹುದು. ನಮ್ಮ ಅಜ್ಜಿಯರು ಆ ಹೆಸರನ್ನು ಕೇಳಿದವರಲ್ಲ; ಆ ಲೆಕ್ಕವನ್ನು ಪ್ರತಿದಿನ ಬೆರಳ ತುದಿಯಲ್ಲಿ ಮಾಡುತ್ತಿದ್ದರು. ಅದನ್ನು ಕಲಿಸಲು ಒಂದು ಗೋಣಿಚೀಲದ ತುಂಡು, ದಪ್ಪ ಸೂಜಿ, ಕೆಂಪು ದಾರ ಸಾಕು.

ಕಸೂತಿಗಾದರೂ ಹೆಸರು ಬಂದಿದೆ, ಸೂಚಕ ಬಂದಿದೆ. ಅಂಗಡಿಯಲ್ಲಿ ಯಂತ್ರದ ಕಸೂತಿಯೂ ಅಚ್ಚಿನ ಕಸೂತಿಯೂ ಬಂದಿವೆ. ತಿರುವಿ ನೋಡಿದರೆ ಗೊತ್ತಾಗುತ್ತದೆ. ಸೂಚಕ ಹೆಸರನ್ನು ಕಾಯುತ್ತದೆ, ಕೈಯನ್ನು ಕಾಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನು ಕೌದಿಗೆ ಅಷ್ಟೂ ಇಲ್ಲ. ಹಳೆಯದಾಯಿತು ಎಂಬುದೇ ಕೌದಿಯ ಬಟ್ಟೆಗಿರುವ ಅರ್ಹತೆ. ಅಜ್ಜನ ಧೋತರ, ತಾಯಿಯ ಹರಿದ ಸೀರೆ, ಕೂಸಿನ ಅಂಗಿ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತೇಪೆಗಳನ್ನಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತ ಹೊಲಿಯುತ್ತಾರೆ. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಚಳಿಗೆ ತಡೆ; ನೂರು ಸಲ ಒಗೆದ ಹತ್ತಿಯೇ ಮೈಗೆ ಮೆತ್ತಗೆ. ಈಗಿನ ಪಾಲಿಯೆಸ್ಟರ್ ಸೀರೆ ಸೂಜಿಯಡಿ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಕೌದಿ ಕಡಿಮೆಯಾದುದಕ್ಕೆ ಅಗ್ಗದ ಚಾದರವೊಂದೇ ಕಾರಣವಲ್ಲ.

ಮರಾಠಿ ಬಂಧುಗಳು ಇದನ್ನು ಗೋಧಡಿ, ವಾಕಳ ಎನ್ನುತ್ತಾರೆ. ಗುಳೇದಗುಡ್ಡದ ಖಣ ಇಬ್ಬರ ಉಡಿಯನ್ನೂ ತುಂಬುತ್ತದೆ. ಬಟ್ಟೆಗೆ ಗಡಿ ಗೊತ್ತಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದವರೆಗೂ ಪ್ರದರ್ಶನಕ್ಕೆ ಹೋಗಿ ಬಂದಿವೆ. ನಮ್ಮ ಕೌದಿಗಳು ಮಾನೌಮಿಯ ಮುಂಚೆ ಹಳ್ಳದ ದಂಡೆಗೆ ಹೋಗಿ ಬರುತ್ತವೆ, ಅಷ್ಟೆ.

ಶಾಲೆಗೂ ನೂಲಿಗೂ ಸಂಬಂಧ ಇರಲಿಲ್ಲವೆಂದಲ್ಲ. 1937ರಲ್ಲಿ ವಾರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಕಲಿಕೆ ನಡೆಯಬೇಕೆಂದರು. ಮುಂದೆ ಅನೇಕ ಶಾಲೆಗಳಲ್ಲಿ ಮಕ್ಕಳ ಕೈಗೆ ತಕಲಿ ಬಂದಿತು. ದೊಡ್ಡ ಮಾತೇ ಅದು. ಆದರೂ ತಕಲಿ ಹೊರಗಿನಿಂದ ಬಂದು ಹೊರಗೇ ಹೋಯಿತು. ಮನೆಯೊಳಗಿದ್ದ ತಾಯಿಯ ಸೂಜಿಯನ್ನು ಯಾರೂ ತರಗತಿಗೆ ಕರೆಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಕಲೆಯನ್ನು ಹೊಗಳುವ ಭರದಲ್ಲಿ ಅದರ ಬೆಲೆಯನ್ನು ಮರೆಯಬಾರದು. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದು, ಚಿಮಣಿಯ ಬೆಳಕಿನಲ್ಲಿ ಕಣ್ಣು ಸವೆಸಿ ಹೊಲಿದವರಿಗೆ ಕೂಲಿ ಇರಲಿಲ್ಲ. ಹೆಣ್ಣುಮಗುವಿಗೆ ಸೂಜಿ ಬಂದರೆ ಸಾಕು, ಪಾಟಿ ಏಕೆ ಎಂದವರೂ ಇದ್ದರು. ಆದ್ದರಿಂದ ಹುಡುಗಿಯರಿಗಷ್ಟೇ ಕಸೂತಿ, ಹುಡುಗರಿಗೆ ಆಟದ ಬಯಲು ಎಂಬ ಏರ್ಪಾಡನ್ನು ನಾನು ಒಪ್ಪಲಾರೆ. ಗವಂತಿಯ ಲೆಕ್ಕವನ್ನು ಇಬ್ಬರೂ ಕಲಿಯಲಿ.

ಶಾಲೆಯಲ್ಲಿ ನನ್ನ ಬೇಡಿಕೆ ಚಿಕ್ಕದು. ಕಾರ್ಯಾನುಭವದ ತಾಸಿಗೆ ಊರಿನ ಹಿರಿಯ ತಾಯಂದಿರನ್ನು ಕರೆಯಿರಿ. ಬಂದವರಿಗೆ ಹೂಹಾರದ ಜೊತೆ ಗೌರವಧನವನ್ನೂ ಕೊಡಿರಿ. ಅದರ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊತ್ತರೆ ಶಾಲೆಗೆ ಭಾರವಾಗದು. ಮಕ್ಕಳು ಒಂದು ವಹಿ ಇಟ್ಟುಕೊಳ್ಳಲಿ. ತಮ್ಮ ಮನೆಯ ಕೌದಿಯನ್ನು ಬಿಚ್ಚಿ ಹಾಸಿ ಅಜ್ಜಿಯನ್ನು ಕೇಳಲಿ: ಈ ತೇಪೆ ಯಾರ ಸೀರೆಯದು, ಈ ಹೊಲಿಗೆಗೆ ಏನೆನ್ನುತ್ತೀರಿ, ಯಾರಿಂದ ಕಲಿತಿರಿ, ಯಾವ ಊರಿನಿಂದ ಬಂದಿರಿ? ಉತ್ತರವನ್ನು ಅಜ್ಜಿ ಹೇಳಿದ ಕನ್ನಡದಲ್ಲೇ ಬರೆಯಲಿ, ಗ್ರಂಥಸ್ಥ ಕನ್ನಡಕ್ಕೆ ತಿದ್ದುವುದು ಬೇಡ. ಬಾಲಭಾರತಿಯ ಪಠ್ಯದಲ್ಲಿ ಇಲ್ಲದ ಹಲವು ಪದಗಳು ಆ ವಹಿಯಲ್ಲಿ ಸಿಗುತ್ತವೆ. ಎಂಬತ್ತು ದಾಟಿದ ತಾಯಂದಿರ ಮನೆಗಳಿಂದಲೇ ಈ ಕೆಲಸ ಆರಂಭವಾಗಲಿ. ಬರುವ ದೀಪಾವಳಿಯ ರಜೆಯಲ್ಲೇ ಆದರೆ ಒಳ್ಳೆಯದು.