ಜೇನ್ ಜೇಮ್ಸ್ ಕೇಳಿದ ಸಂಬಂಧ



ಕೇಂದ್ರ ಸರಕಾರದ ಸೇವೆಯಲ್ಲಿ ನಮೂನೆಗಳ ನಡುವೆಯೇ ನನ್ನ ಆಯುಷ್ಯ ಕಳೆದಿದೆ. ‘ಕುಟುಂಬದ ಮುಖ್ಯಸ್ಥರೊಡನೆ ಸಂಬಂಧ’ ಎಂಬ ಅಂಕಣವನ್ನು ಎಷ್ಟು ಸಲ ಪರಿಶೀಲಿಸಿದ್ದೇನೋ ಲೆಕ್ಕವಿಲ್ಲ. ಆ ಒಂದು ಅಂಕಣಕ್ಕಾಗಿ ಎರಡು ದಶಕ ಅರ್ಜಿ ಬರೆಯಿಸಿದ ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ವಲಸೆಗಾರ್ತಿಯ ಮನೆತನದ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಜೇನ್ ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಸ್ವತಂತ್ರ ಕರಿಯರ ಕುಟುಂಬದವಳು. ಜೋಸೆಫ್ ಸ್ಮಿತ್ 1830ರಲ್ಲಿ ಸ್ಥಾಪಿಸಿದ ಮಾರ್ಮನ್ ಪಂಥವನ್ನು ಸೇರಿ, 1843ರಲ್ಲಿ ತಾಯಿ, ಒಡಹುಟ್ಟಿದವರು ಹಾಗೂ ಎಳೆಯ ಮಗ ಸಿಲ್ವೆಸ್ಟರನೊಡನೆ ಇಲಿನಾಯ್ ಪ್ರಾಂತದ ನಾವೂ ಪಟ್ಟಣಕ್ಕೆ ಹೊರಟಳು. ಬಫೆಲೊದಲ್ಲಿ ಇವರನ್ನು ಹಡಗಿಗೆ ಹತ್ತಿಸಿಕೊಳ್ಳಲಿಲ್ಲ. ಉಳಿದ ಸುಮಾರು 800 ಮೈಲಿಗಳನ್ನು ಕುಟುಂಬ ನಡೆದೇ ಕ್ರಮಿಸಿತು. ಜೋಡುಗಳು ಸವೆದು, ಪಾದಗಳು ಬಿರಿದು, ಹೆಜ್ಜೆಯ ಗುರುತಿನಲ್ಲಿ ರಕ್ತ ಕಾಣುತ್ತಿತ್ತೆಂದು ಮುಪ್ಪಿನಲ್ಲಿ ಆಕೆ ಹೇಳಿ ಬರೆಯಿಸಿದ ಆತ್ಮಕಥನದಲ್ಲಿದೆ. ನಾವೂದಲ್ಲಿ ಸ್ಮಿತ್‌ನ ಮನೆಯಲ್ಲಿಯೇ ಆಕೆಗೆ ಆಶ್ರಯ, ಕೆಲಸ ಎರಡೂ ದೊರೆತವು. ಆತನ ಪತ್ನಿ ಎಮ್ಮಾ, ತಮ್ಮ ಮಗಳಾಗಿ ಸೇರುವೆಯಾ ಎಂದು ಕೇಳಿದ್ದಳಂತೆ. ಅರ್ಥವಾಗದೆ ಜೇನ್ ಒಲ್ಲೆನೆಂದಳು.

1844ರಲ್ಲಿ ಸ್ಮಿತ್‌ನ ಕೊಲೆಯಾಯಿತು. ಮಾರ್ಮನ್ನರು ಪಶ್ಚಿಮಕ್ಕೆ ಗುಳೆ ಹೊರಟಾಗ ಜೇನ್, ಪತಿ ಐಸಾಕ್ ಜೇಮ್ಸ್ ಹಾಗೂ ಮಕ್ಕಳೊಡನೆ 1847ರ ಸೆಪ್ಟೆಂಬರಿನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿದಳು. 1849ರ ಬರಗಾಲದಲ್ಲಿ, ತನ್ನಲ್ಲಿದ್ದ ಹಿಟ್ಟಿನಲ್ಲಿ ಅರ್ಧವನ್ನು, ಅಂದರೆ ಎರಡು ಪೌಂಡನ್ನು, ಜೇನ್ ಕೊಟ್ಟಳೆಂದು ನೆರೆಯ ಬಿಳಿಯ ಹೆಂಗಸೊಬ್ಬಳು ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ನನ್ನ ಮಟ್ಟಿಗೆ ಈ ಕುಟುಂಬದ ಅತ್ಯಂತ ನಂಬಲರ್ಹ ದಾಖಲೆ ಇದೇ. ಮುಂದೆ ಪತಿ ತೊರೆದುಹೋದ. ಎಂಟು ಮಕ್ಕಳಲ್ಲಿ ಆರು ಮಂದಿ ಆಕೆಯ ಕಣ್ಣೆದುರೇ ತೀರಿಕೊಂಡರು.

ದೇವಾಲಯದಲ್ಲಿ ಬೆಸೆಯುವ ವಿಧಿ ನಡೆದರೆ ಕುಟುಂಬ ಸಾವಿನಾಚೆಗೂ ಉಳಿಯುತ್ತದೆಂಬುದು ಮಾರ್ಮನ್ನರ ಶ್ರದ್ಧೆ. ಅವರು ವಂಶಾವಳಿಗಳನ್ನು ಅಷ್ಟು ಆಸ್ಥೆಯಿಂದ ಸಂಗ್ರಹಿಸುವುದೂ ಇದಕ್ಕಾಗಿಯೇ. ಆದರೆ ಕರಿಯರಿಗೆ ಆ ವಿಧಿ ನಿಷಿದ್ಧವಾಗಿತ್ತು. 1884ರಿಂದ ಜೇನ್ ಮುಖಂಡರಿಗೆ ಮೇಲಿಂದ ಮೇಲೆ ಮನವಿ ಕಳುಹಿಸಿದಳು. ಎಮ್ಮಾ ಹೇಳಿದಂತೆ ತನ್ನನ್ನು ಸ್ಮಿತ್‌ನ ಮಗಳಾಗಿ ಬೆಸೆಯಬೇಕೆಂದು ಬೇಡಿದಳು. 1894ರ ಮೇ ತಿಂಗಳಲ್ಲಿ ಮುಖಂಡರು ವಿಶೇಷ ವಿಧಿಯೊಂದನ್ನು ನಡೆಸಿ, ಆಕೆಯನ್ನು ಸ್ಮಿತ್‌ನ ಕುಟುಂಬಕ್ಕೆ ಶಾಶ್ವತವಾಗಿ ಸೇರಿಸಿದರು: ಸೇವಕಿಯಾಗಿ! ಆ ವಿಧಿಗೂ ಆಕೆಗೆ ಪ್ರವೇಶವಿರಲಿಲ್ಲ; ಬಿಳಿಯ ಮಹಿಳೆಯೊಬ್ಬಳು ಬದಲಿಗೆ ನಿಂತಳು. ಅದೇ ವರ್ಷದ ನವೆಂಬರಿನಲ್ಲಿ, ಇಂದು ಜಗತ್ತಿನ ವಂಶಾವಳಿಗಳನ್ನೆಲ್ಲ ಕೂಡಿಡುತ್ತಿರುವ ಯೂಟಾ ವಂಶಾವಳಿ ಸಂಘ ಸ್ಥಾಪನೆಯಾಯಿತು.

ನಗಬೇಡಿ. ನಮ್ಮ ಮನೆಯ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ನನ್ನ ಅಜ್ಜಿಯ ಹೆಸರಿಲ್ಲ.

ಜೇನ್ ಸುಮ್ಮನಾಗಲಿಲ್ಲ, ಮತ್ತೆ ಮನವಿ ಸಲ್ಲಿಸಿದಳು. 1908ರ ಏಪ್ರಿಲಿನಲ್ಲಿ ತೀರಿಕೊಂಡಾಗ ಪಂಥದ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್‌ನೇ ಅಂತ್ಯಕ್ರಿಯೆಯಲ್ಲಿ ಮಾತನಾಡಿದನು. 1894ರ ವಿಧಿಯಲ್ಲಿ ಜೋಸೆಫ್ ಸ್ಮಿತ್‌ನ ಪರವಾಗಿ ನಿಂತವನು ಆತನೇ. ನಿಷೇಧ ತೆರವಾದದ್ದು 1978ರಲ್ಲಿ. ಮರುವರ್ಷ ಜೇನ್‌ಳ ಹೆಸರಿನಲ್ಲಿ ಬೇರೊಬ್ಬರು ದೇವಾಲಯವನ್ನು ಪ್ರವೇಶಿಸಿ, ಆಕೆಗೆ ದೊರೆಯದೆ ಹೋಗಿದ್ದ ದೀಕ್ಷಾವಿಧಿಯನ್ನು ಪೂರೈಸಿದರು.