ಡೇಟಾ ಬಸ್ಸಿನ ಅಗಲ

ಸಯನ್‌ನಿಂದ ಹೊರಡುವ ಸಯನ್-ಟ್ರಾಂಬೆ ರಸ್ತೆಯು ಚೆಂಬೂರನ್ನು ದಾಟಿ ಭಾಭಾ ಅಣು ಸಂಶೋಧನಾ ಕೇಂದ್ರದ ದಿಕ್ಕಿಗೆ ಸಾಗುತ್ತದೆ. ಆ ಕೇಂದ್ರದಲ್ಲಿ ರೂಪುಗೊಂಡ ಟಿಡಿಸಿ-12, ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್, 1969ರಲ್ಲಿ ಸಿದ್ಧವಾಯಿತು. ಅದು ಒಂದು ಘಟಕವಾಗಿ ಪರಿಗಣಿಸುತ್ತಿದ್ದ 12 ಬಿಟ್‌ಗಳೇ ಅದರ ಹೆಸರಿನಲ್ಲಿಯೂ ನಿಂತವು. ಮುಂದೆ ಹೈದರಾಬಾದಿನ ಇಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ತಯಾರಿಸಿದ ಟಿಡಿಸಿ-316ರಲ್ಲಿ ಆ ಸಂಖ್ಯೆ 16ಕ್ಕೆ ಏರಿತು. ಈ ಹೆಸರುಗಳಲ್ಲಿ ಮರೆಮಾಚಿದ್ದೇನೂ ಇರಲಿಲ್ಲ. ಮೈಕ್ರೊಪ್ರೊಸೆಸರ್‌ಗಳು ಬಂದ ಬಳಿಕ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ.

ಬಿಟ್ ಎಂದರೆ ಸೊನ್ನೆ ಅಥವಾ ಒಂದು. ಪ್ರೊಸೆಸರ್ ಮತ್ತು ಸ್ಮೃತಿಕೋಶಗಳ ನಡುವೆ ಬಿಟ್‌ಗಳನ್ನು ಒಯ್ಯುವ ತಂತಿಗಳ ಸಮೂಹವೇ ಡೇಟಾ ಬಸ್. ರಸ್ತೆಯ ಬಸ್ಸಿಗೂ ಇದಕ್ಕೂ ಹೆಸರಿನ ಮೂಲ ಒಂದೇ: 'ಎಲ್ಲರಿಗಾಗಿ' ಎಂಬರ್ಥದ ಲ್ಯಾಟಿನ್ ಪದ ಆಮ್ನಿಬಸ್. ಎಂಟು ತಂತಿಗಳಿದ್ದರೆ ಒಂದು ಸಲಕ್ಕೆ ಎಂಟು ಬಿಟ್‌ಗಳು ಸಾಗುತ್ತವೆ.

1971ರ ಇಂಟೆಲ್ 4004ಕ್ಕೆ ಇದ್ದುದು 16 ಪಿನ್‌ಗಳು. ಅವುಗಳಲ್ಲಿ ನಾಲ್ಕು ಮಾತ್ರ ಡೇಟಾ ಬಸ್ಸಿಗೆ ಮೀಸಲು. 12 ಬಿಟ್‌ಗಳ ವಿಳಾಸವು ಅವುಗಳಲ್ಲೇ ಮೂರು ಕಂತುಗಳಲ್ಲಿ ಹೊರಗೆ ಹೋಗಬೇಕಾಗಿತ್ತು. ಎಂಟು ಬಿಟ್‌ಗಳ ಆದೇಶವು ಎರಡು ಕಂತುಗಳಲ್ಲಿ ಒಳಗೆ ಬರಬೇಕಾಗಿತ್ತು. ಆ ಬಳಿಕವೇ ಕೆಲಸದ ಆರಂಭ.

1978ರ 8086ಕ್ಕೆ 16 ತಂತಿಗಳ ಬಸ್ಸು ದೊರೆಯಿತು. ಮರುವರ್ಷ ಬಂದ 8088 ಒಳಗೆ 16 ಬಿಟ್‌ಗಳನ್ನೇ ನಿಭಾಯಿಸಿದರೂ ಹೊರಗೆ ಅದರ ಬಸ್ಸಿಗೆ ಎಂಟೇ ತಂತಿಗಳು. ಇದು ಹಿಂದಡಿ ಎಂದು ತೋರಬಹುದು. ಕಾರಣ ಮಾತ್ರ ಹಣದ್ದು. ಎಂಟು ಬಿಟ್‌ಗಳ ಸಹಾಯಕ ಚಿಪ್ಪುಗಳು ಆಗಲೇ ಅಗ್ಗವಾಗಿ ಸಿಗುತ್ತಿದ್ದವು. 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್‌ಗೆ ಆರಿಸಿಕೊಂಡದ್ದು ಈ 8088ನ್ನೇ.

ಹಾಗಾದರೆ ಕೊಳ್ಳುವವನಿಗೆ ಆದ ನಷ್ಟವೆಷ್ಟು? ಸಮಸಂಖ್ಯೆಯ ವಿಳಾಸದಲ್ಲಿರುವ 16 ಬಿಟ್‌ಗಳನ್ನು 8086 ಗಡಿಯಾರದ ನಾಲ್ಕು ಮಿಡಿತಗಳಲ್ಲಿ ತರಬಲ್ಲದು. 8088ಕ್ಕೆ ಎಂಟು ಬೇಕು. ಆದರೂ ವೇಗ ಎಲ್ಲೆಡೆ ಅರ್ಧಕ್ಕೆ ಇಳಿಯುವುದಿಲ್ಲ. 16 ಬಿಟ್‌ಗಳ ಒಂದು ಗುಣಾಕಾರಕ್ಕೆ ಎರಡೂ ಚಿಪ್ಪುಗಳು ಒಳಗೇ ನೂರಕ್ಕೂ ಹೆಚ್ಚು ಮಿಡಿತಗಳನ್ನು ವ್ಯಯಿಸುತ್ತಿದ್ದವು. ಆ ಬಿಡುವಿನಲ್ಲಿ ಮುಂದಿನ ಆದೇಶಗಳು ಬಂದು ಸಾಲುಗಟ್ಟುತ್ತಿದ್ದವು. ದೊಡ್ಡ ಕಡತವನ್ನು ಸ್ಮೃತಿಯೊಳಗೆ ಅತ್ತಿತ್ತ ಸಾಗಿಸುವಾಗ ಮಾತ್ರ ಇಕ್ಕಟ್ಟು ಎದ್ದು ಕಾಣುತ್ತಿತ್ತು. ಎರಡರಲ್ಲಿಯೂ ಅವೇ ಕಾರ್ಯಕ್ರಮಗಳು ನಡೆಯುತ್ತಿದ್ದುದರಿಂದ, '16 ಬಿಟ್' ಎಂಬ ಜಾಹೀರಾತನ್ನು ಓದಿದವನಿಗೆ ಹೊರಗಿನ ಎಂಟರ ಸುಳಿವೇ ಸಿಗುತ್ತಿರಲಿಲ್ಲ.

1988ರಲ್ಲಿ ಇಂಟೆಲ್ ಅದೇ ಉಪಾಯವನ್ನು ಮತ್ತೊಮ್ಮೆ ಹೂಡಿತು: 80386 ಎಸ್‌ಎಕ್ಸ್‌ನ ಒಳಗೆ 32 ಬಿಟ್‌ಗಳು, ಹೊರಗೆ 16.